ಹಾಲು ಕುಡಿಯುವಾಗ ತೆರೆಯುವ ಕಣ್ಣು

“ಎದಿಹಾಲು ಕುಡಿಯೋ ಮುಂದ ಕೂಸು ಕಣ್ಣು ಹೊಡೀತೈತ್ರಿ ಬಾಯಾರ. ಒಂದ ಕಣ್ಣು. ಬಲಗಣ್ಣು.”

ಮೂರು ತಿಂಗಳಿಂದ ಎಷ್ಟೋ ಮಂದಿಗೆ ಹೇಳಿ, ಯಾರೂ ಕಿವಿಗೆ ಹಾಕಿಕೊಳ್ಳದಿದ್ದ ಮಾತನ್ನು ಅಜ್ಜಿ ಗೋವಾ ಗಡಿಯ ಮೊಲೆಂನ ಚಹಾದಂಗಡಿಯಲ್ಲಿ ಮತ್ತೊಮ್ಮೆ ಹೇಳಿದರು. ಹುಬ್ಬಳ್ಳಿಯಿಂದ ವಾಸ್ಕೋಗೆ ಹೊರಟ ಬಸ್ಸು ಅನಮೋಡ ಘಾಟ್ ಇಳಿದು ಚೆಕ್‌ಪೋಸ್ಟ್ ದಾಟಿದ್ದೇ ತಡ ನಿಂತುಬಿಟ್ಟಿತ್ತು. ಮುಂದೆ ರಸ್ತೆಗೆ ಮರ ಬಿದ್ದಿದೆ ಎಂದು ಕಂಡಕ್ಟರು ಸುದ್ದಿ ತಂದ. ಶ್ರಾವಣದ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಒಂದು ಕಡೆ ಮಹಾವೀರ ಅಭಯಾರಣ್ಯದ ಕಾಡು, ಇನ್ನೊಂದು ಕಡೆ 748ನೇ ಹೆದ್ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳು. ಬಸ್ಸಿನ ಜನ ಒಬ್ಬೊಬ್ಬರಾಗಿ ಇಳಿದು ಅಂಗಡಿಯ ತಾಡಪತ್ರಿಯ ಕೆಳಗೆ ಸೇರಿದ್ದರು.

ಅಜ್ಜಿ ಬಾದಾಮಿ ಸೀಮೆಯವರು. ಚೊಚ್ಚಲ ಬಾಣಂತನ ಮುಗಿಸಿಕೊಂಡ ಮಗಳನ್ನೂ ಮೊಮ್ಮಗನನ್ನೂ ವಾಸ್ಕೋದಲ್ಲಿ ಕೆಲಸಕ್ಕಿರುವ ಅಳಿಯನ ಮನೆಗೆ ಮುಟ್ಟಿಸಲು ಹೊರಟಿದ್ದರು. ಎದುರಿನ ಬೆಂಚಿನಲ್ಲಿದ್ದವರು ಹುಬ್ಬಳ್ಳಿಯ ಕಣ್ಣಿನ ವೈದ್ಯೆ. ಈಚೆಗೆ ನಿವೃತ್ತರಾಗಿ, ಪಣಜಿಯಲ್ಲಿರುವ ತಂಗಿಯನ್ನು ಕಾಣಲು ಹೋಗುತ್ತಿದ್ದವರು.

ವೈದ್ಯೆ ಚಹಾದ ಗ್ಲಾಸು ಕೆಳಗಿಟ್ಟರು. “ಕಣ್ಣು ಹೊಡೀತದ ಅಂದ್ರ ಮುಚ್ಚತದೋ, ತೆರೀತದೋ? ನೆನಪು ಮಾಡಿ ಹೇಳ್ರಿ ಅಜ್ಜಿ.”

“ತೆರೀತೈತ್ರಿ. ಉಳಿದ ಹೊತ್ತಿನ್ಯಾಗ ಬಲಗಣ್ಣಿನ ರೆಪ್ಪಿ ಅರ್ಧ ಇಳಿಬಿದ್ದಿರ್ತೈತಿ. ಹಾಲು ಎಳಿಯಾಕ ಹತ್ತಿದ ಕೂಡ್ಲೆ ಮ್ಯಾಲ ಏಳತೈತಿ, ಇಳೀತೈತಿ, ಏಳತೈತಿ. ಬಾಯಿ ಹೆಂಗ ಆಡತೈತೋ ರೆಪ್ಪಿನೂ ಹಂಗ.”

“ಇದನ್ನ ಯಾರಿಗಾದರೂ ತೋರ್ಸಿದ್ರೇನು?”

“ಸೂಜಿ ಹಾಕ್ಸಾಕ ಹೋದಾಗ ಹೇಳಿದ್ನಿರಿ. ನಿನಗ ಹಂಗ ಕಾಣತೈತಿ ಬಿಡಬೇ ಅಂದ್ರು.”

“ನೀವು ಕಂಡದ್ದು ಖರೇ ಅದ,” ಎಂದರು ವೈದ್ಯೆ. “ಇದನ್ನ ಡಾಕ್ಟರುಗಳು ಬರೆದಿಟ್ಟು 140 ವರ್ಷದ ಮ್ಯಾಲಾತು.”

1883ರಲ್ಲಿ ಲಂಡನ್ನಿನ ಕಣ್ಣಿನ ವೈದ್ಯ ರಾಬರ್ಟ್ ಮಾರ್ಕಸ್ ಗನ್ 15 ವರ್ಷದ ಹುಡುಗಿಯೊಬ್ಬಳ ವಿಷಯವನ್ನು ಅಲ್ಲಿನ ನೇತ್ರವೈದ್ಯರ ಸಭೆಯ ಮುಂದಿಟ್ಟರು. ಅವಳ ಒಂದು ರೆಪ್ಪೆ ಹುಟ್ಟಿನಿಂದ ಜೋತಿತ್ತು. ದವಡೆ ಆಡಿಸಿದಾಗ ಮಾತ್ರ ಮೇಲೇಳುತ್ತಿತ್ತು. ಅಂದಿನಿಂದ ಈ ಲಕ್ಷಣಕ್ಕೆ ಅವರದೇ ಹೆಸರು. ಹುಟ್ಟಿನಿಂದ ರೆಪ್ಪೆ ಜೋತ ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರಲ್ಲಿ ಇದು ಇರುತ್ತದೆ. ವೈದ್ಯಲೋಕಕ್ಕೆ ತಿಳಿಯಲು ಆ ಹುಡುಗಿಗೆ ಹದಿನೈದು ತುಂಬಬೇಕಾಯಿತು. ಅವಳನ್ನು ಎತ್ತಿ ಆಡಿಸಿದ ಹೆಂಗಸರು ಮೊದಲ ವಾರಗಳಲ್ಲೇ ಅದನ್ನು ಕಂಡಿರಬೇಕು. ಮೊಲೆಯುಣ್ಣುವ ಕೂಸಿನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ದಿನಕ್ಕೆ ಎಂಟು ಹತ್ತು ಸಲ ನೋಡುವವರು ಬೇರೆ ಯಾರಿದ್ದಾರೆ?

“ಯಾಕ ಹಂಗ ಆಗತೈತ್ರಿ?”

“ಬಾಯಿ ಆಡಸೋ ನರ ಬ್ಯಾರೆ, ರೆಪ್ಪೆ ಎತ್ತೋ ನರ ಬ್ಯಾರೆ. ಕೂಸು ಹೊಟ್ಟ್ಯಾಗ ಬೆಳಿಯೋ ಮುಂದ ಬಾಯಿ ನರದ ಒಂದು ಎಳಿ ದಾರಿ ತಪ್ಪಿ ರೆಪ್ಪೆ ಸ್ನಾಯುವಿಗೆ ಹೋಗಿ ಕೂಡಿಬಿಡ್ತದ. ನಿಮ್ಮನಿ ಸ್ವಿಚ್ ಹಾಕಿದ್ರ ಬಾಜೂ ಮನಿ ದೀಪ ಹತ್ತಿದಂಗ.”

ಅಜ್ಜಿ ಒಮ್ಮೆ ಹಿಂತಿರುಗಿ ನೋಡಿದರು. ಮಗಳು ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಅಂಗಡಿಯ ಒಳಗೋಡೆಗೆ ಒರಗಿದ್ದಳು. ಅಜ್ಜಿಯ ದನಿ ತಗ್ಗಿತು. “ಗ್ರಹಣದ್ದ ಏನ್ರಿ ಇದು? ಈಕಿ ಬಸುರಿದ್ದಾಗ ಗ್ರಹಣ ಆಗಿತ್ತು. ಆ ಹೊತ್ತಿನ್ಯಾಗ ಹಿತ್ತಲಕ್ಕ ಹೋಗಿದ್ಲಂತ. ಓಣ್ಯಾಗ ಎಲ್ಲಾರೂ ಅದ ಅಂತಾರ. ಈಕಿ ರಾತ್ರಿ ಎಲ್ಲಾ ಅಳತಾಳ.”

“ಎಷ್ಟನೇ ತಿಂಗಳಾಗಿತ್ತು ಆವಾಗ?”

“ಏಳರಾಗ ಬಿದ್ದಿತ್ರಿ. ಕುಬಸ ಮುಗಿದಿತ್ತು.”

“ಅಷ್ಟೊತ್ತಿಗೆ ಕೂಸಿನ ರೆಪ್ಪೆ ಆಗಿ ಮುಗಿದಿತ್ತು ಅಜ್ಜಿ. ಮೊದಲನೇ ತಿಂಗಳಾಗ ಗ್ರಹಣ ಆಗಿದ್ರೂ ಏನೂ ಆಗ್ತಿದ್ದಿಲ್ಲ, ಅದು ಬ್ಯಾರೆ ಮಾತು. ಆದ್ರ ಏಳರಾಗ ಆಗಿದ್ದಂತೂ ಖಂಡಿತ ಕಾರಣ ಅಲ್ಲ. ಅಲ್ಲಿ ನೋಡ್ರಿ.”

ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಒಂದು ಬೆಕ್ಕು ಮರಿಗಳ ಜೊತೆ ಮಲಗಿತ್ತು. ಮರಿಗಳು ಹುಟ್ಟಿ ನಾಲ್ಕೈದು ದಿನವಿರಬೇಕು. ಕಣ್ಣಿದ್ದಲ್ಲಿ ಬರೀ ಒಂದೊಂದು ಗೆರೆ.

“ಇವು ಇನ್ನೂ ಕಣ್ಣು ಬಿಟ್ಟಿಲ್ರಿ,” ಎಂದರು ಅಜ್ಜಿ. “ವಾರ, ಹದಿನೈದು ದಿನ ಬೇಕು.”

“ಮನುಷ್ಯಾರ ಕೂಸೂ ಹಿಂಗ ಇರ್ತದ, ಆದ್ರ ಹೊಟ್ಟೆಯೊಳಗ. ಬಿಡಿಸಿಕೊಂಡ ಮ್ಯಾಲೆ ಹುಟ್ತದ, ಅಷ್ಟ ವ್ಯತ್ಯಾಸ.”

ಎರಡನೆಯ ತಿಂಗಳಲ್ಲಿ ಭ್ರೂಣದ ಕಣ್ಣಿನ ಮೇಲೂ ಕೆಳಗೂ ಚರ್ಮದ ಎರಡು ಮಡಿಕೆಗಳು ಏಳುತ್ತವೆ. ಬೆಳೆಬೆಳೆಯುತ್ತ ಒಂದಕ್ಕೊಂದು ಮುಟ್ಟಿ, ಮೂರನೆಯ ತಿಂಗಳ ಹೊತ್ತಿಗೆ ಅಂಟಿಕೊಂಡು ಕಣ್ಣನ್ನು ಪೂರ್ತಿ ಮುಚ್ಚುತ್ತವೆ. ಆ ಕತ್ತಲೆಯಲ್ಲೇ ಎವೆಗೂದಲ ಬೇರುಗಳು, ತೈಲ ಒಸರುವ ಗ್ರಂಥಿಗಳು, ರೆಪ್ಪೆ ಎತ್ತುವ ಸ್ನಾಯು ರೂಪುಗೊಳ್ಳುತ್ತವೆ. ಐದರಿಂದ ಏಳನೆಯ ತಿಂಗಳ ನಡುವೆ ರೆಪ್ಪೆಗಳು ಮತ್ತೆ ಬೇರೆಯಾಗುತ್ತವೆ. ಮೊಲೆಂ ಕಾಡಿನ ಹಾವುಗಳಲ್ಲಿ ಈ ಕೊನೆಯ ಹಂತವೇ ಇಲ್ಲ. ಅಂಟಿದ ರೆಪ್ಪೆಗಳು ಹಾಗೇ ಪಾರದರ್ಶಕವಾಗಿ ಕಣ್ಣಿಗೆ ಗಾಜು ಹೊದಿಸಿದಂತೆ ಉಳಿಯುತ್ತವೆ. ಹಾವು ಎವೆಯಿಕ್ಕದಿರುವುದು ಅದರಿಂದ.

ಕಟ್ಟುವುದು, ಅಂಟುವುದು, ಬಿಡಿಸಿಕೊಳ್ಳುವುದು: ಇದರಲ್ಲಿ ಯಾವ ಹೆಜ್ಜೆ ತಪ್ಪಿತು ಎಂಬುದರ ಮೇಲೆ ಹುಟ್ಟುವ ಕೂಸಿನ ರೆಪ್ಪೆಯ ದೋಷ ನಿಂತಿದೆ. ಬಿಡಿಸಿಕೊಳ್ಳುವ ಹೆಜ್ಜೆ ಅರೆಬರೆಯಾದರೆ ಎರಡು ರೆಪ್ಪೆಗಳ ನಡುವೆ ನೂಲಿನಂಥ ಎಳೆಗಳು ಉಳಿಯುತ್ತವೆ. ಅವನ್ನು ವೈದ್ಯರು ಸಣ್ಣ ಕತ್ತರಿಯಿಂದ ಕತ್ತರಿಸಿದರೆ ಕಣ್ಣು ತೆರೆಯುತ್ತದೆ. ರಕ್ತವೂ ಹೆಚ್ಚು ಬರುವುದಿಲ್ಲ. ಆದರೆ ಅಂಥ ಕೂಸಿನ ಅಂಗುಳ, ಹೃದಯ, ಚರ್ಮ ಎಲ್ಲವನ್ನೂ ತಪಾಸಿಸಬೇಕು. ಈ ಎಳೆಗಳು ಕೆಲವೊಮ್ಮೆ ಬೇರೆ ದೊಡ್ಡ ತೊಂದರೆಗಳ ಜೊತೆಗೂಡಿ ಬರುತ್ತವೆ. ಕಟ್ಟುವ ಹೆಜ್ಜೆಯೇ ತಪ್ಪಿದರೆ ಇನ್ನೂ ಗಂಭೀರ. ರೆಪ್ಪೆಯ ಅಂಚಿನಲ್ಲಿ ಕಚ್ಚು ಬಿದ್ದಂತೆ ಒಂದು ತುಂಡೇ ಇರುವುದಿಲ್ಲ. ತೀರಾ ಅಪರೂಪಕ್ಕೆ ರೆಪ್ಪೆಯೇ ಮೂಡದೆ ಹಣೆಯ ಚರ್ಮ ಕೆನ್ನೆಯವರೆಗೂ ಹಾಗೇ ಹಾಸಿಕೊಂಡಿರುತ್ತದೆ. ಕೂಡಿಕೊಂಡ ಬೆರಳುಗಳ ಜೊತೆ ಬರುವ ಅಂಥ ಸ್ಥಿತಿಯನ್ನು 1962ರಲ್ಲಿ ಜಾರ್ಜ್ ಫ್ರೇಸರ್ ವಿವರಿಸಿದರು.

“ನಾವು ಒಳಸಂಬಂಧ ಮಾಡೇವ್ರಿ,” ಎಂದರು ಅಜ್ಜಿ. ಯಾರೂ ಕೇಳದೆಯೇ ಬಂದ ಮಾತು. “ಅಳಿಯ ನಮ್ಮ ಅಣ್ಣನ ಮಗ. ಅದಕ್ಕ ಹಿಂಗಾತೇನು?”

ವೈದ್ಯೆ ಈ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಫ್ರೇಸರ್ ಹೇಳಿದ ಸ್ಥಿತಿ ತಾಯಿ ತಂದೆ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗಲೇ ಕಾಣಿಸಿಕೊಳ್ಳುವಂಥದ್ದು, ಆದ್ದರಿಂದ ರಕ್ತಸಂಬಂಧದ ಮದುವೆಗಳಲ್ಲಿ ಅದರ ಸಂಭವ ಹೆಚ್ಚು ಎಂದರು. ಇನ್ನೊಂದು ಬಗೆಯಲ್ಲಿ ಎರಡೂ ಕಣ್ಣು ಕಿರಿದಾಗಿ, ರೆಪ್ಪೆಗಳು ಜೋತು, ಮೂಗಿನ ಬದಿಯಲ್ಲಿ ಚರ್ಮದ ಮಡಿಕೆ ಕೆಳಗಿನಿಂದ ಮೇಲಕ್ಕೆ ಏರಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ದೋಷದ ಪ್ರತಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಕೂಸಿಗೂ ಅರ್ಧಕ್ಕರ್ಧ ಸಂಭವ. ಅದಕ್ಕೆ ಕಾರಣವಾದ ಫಾಕ್ಸ್‌ಎಲ್2 ಎಂಬ ವಂಶವಾಹಿಯನ್ನು 2001ರಲ್ಲಿ ಗುರುತಿಸಲಾಯಿತು. ಈ ಸ್ಥಿತಿಯ ಒಂದು ವಿಧದಲ್ಲಿ ಹೆಣ್ಣುಮಕ್ಕಳ ಮುಟ್ಟು ಬಲು ಬೇಗ ನಿಂತುಹೋಗುತ್ತದೆ. ರೆಪ್ಪೆಯನ್ನು ನೋಡಿ ಅಂಡಾಶಯದ ಮಾತನ್ನು ಮುಂಚಿತವಾಗಿ ಹೇಳಬೇಕಾದ ವಿಚಿತ್ರ ಹೊಣೆ ಅಲ್ಲಿ ಕಣ್ಣಿನ ವೈದ್ಯರ ಮೇಲೆ ಬೀಳುತ್ತದೆ.

“ನಿಮ್ಮ ಕೂಸಿಂದು ಅದಲ್ಲ,” ಎಂದರು ವೈದ್ಯೆ. “ಒಂದ ಕಣ್ಣು, ಬಾಯಿ ಜೊತಿ ಕುಣಿಯೋ ರೆಪ್ಪೆ. ಇಂಥದ್ದು ಬಹಳ ಮಾಡಿ ಮನೆತನದಾಗ ಬ್ಯಾರೆ ಯಾರಿಗೂ ಇಲ್ಲದಿದ್ರೂ ಬರ್ತದ. ನಿಮ್ಮ ಮಗಳೂ ಏನೂ ಮಾಡಿಲ್ಲ, ನೀವೂ ಏನೂ ಮಾಡಿಲ್ಲ. ಕೂಸನ್ನ ಒಂದು ಸಲ ನೋಡ್ಲೇನು?”

ಕೊಡದ ನೀರಿನಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದರು. ಕೌದಿ ಸರಿಸಿದರೆ ದುಂಡು ಮುಖ, ಕೆನ್ನೆಗೆ ಕಾಸಿನಗಲದ ದೃಷ್ಟಿಬೊಟ್ಟು, ಎರಡೂ ಕಣ್ಣಿಗೆ ದಟ್ಟ ಕಾಡಿಗೆ. ವೈದ್ಯೆ ಮೊದಲು ಆ ಕಾಡಿಗೆಯನ್ನೇ ನೋಡಿದರು.

“ಬೊಟ್ಟು ಕೆನ್ನಿಗೆ ಇರ್ಲಿ, ಅಂಗಾಲಿಗೆ ಇರ್ಲಿ. ಕಣ್ಣಿಗೆ ಬ್ಯಾಡ ಅಜ್ಜಿ. ಪ್ಯಾಟ್ಯಾಗಿನ ಕೆಲವು ಕಾಡಿಗೆ, ಸುರ್ಮಾದಾಗ ಸೀಸ ಇರ್ತದ. ಮನ್ಯಾಗ ಮಾಡಿದ್ದಾದ್ರೂ ಬೆರಳಿನ ಹೊಲಸು ಕಣ್ಣಿಗೆ ಹೋಗ್ತದ. ಎರೆಯೋ ಮುಂದ ಔಡಲೆಣ್ಣಿನೂ ಕಣ್ಣಾಗ ಬಿಡಬ್ಯಾಡ್ರಿ.”

“ರೆಪ್ಪಿ ಏಳಲಿ ಅಂತ ನಾನ ಬಿಟ್ಟಿದ್ನಿರಿ.”

“ಎಣ್ಣೀಗೆ ಅದು ಏಳಂಗಿಲ್ಲ. ಪಟ್ಟಿ ಹಚ್ಚಿ ಮ್ಯಾಲೆ ಎಳೆದು ಅಂಟಸೋದೂ ಬ್ಯಾಡ. ರಾತ್ರಿ ಕಣ್ಣು ತೆರೆದ ಉಳಿದ್ರ ಕರಿಗುಡ್ಡಿ ಒಣಗಿ ಹುಣ್ಣಾಗ್ತದ.”

ಆಮೇಲೆ ಮಾತು ನಿಂತಿತು. ವೈದ್ಯೆ ಬೀಗದ ಕೈ ಗೊಂಚಲನ್ನು ಕೂಸಿನ ಮುಂದೆ ಮೆಲ್ಲಗೆ ಆಡಿಸಿದರು. ಎರಡೂ ಕಣ್ಣಿನ ಪಾಪೆಗಳು ಒಂದೇ ಅಳತೆಯವೇ, ಬಣ್ಣ ಒಂದೇ ಇದೆಯೇ, ಕಣ್ಣು ಮೇಲಕ್ಕೂ ಬದಿಗೂ ಸರಾಗ ಹೊರಳುತ್ತದೆಯೇ ಎಂದು ನೋಡಿದರು. ಪಾಪೆ ಚಿಕ್ಕದಾಗಿದ್ದು ರೆಪ್ಪೆ ತುಸುವೇ ಇಳಿದಿದ್ದರೆ ಕುತ್ತಿಗೆಯಲ್ಲಿ, ಎದೆಯಲ್ಲಿ ಗಡ್ಡೆಯೇನಾದರೂ ನರವನ್ನು ಒತ್ತುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ. ಪಾಪೆ ದೊಡ್ಡದಾಗಿ ಕಣ್ಣು ಹೊರಮುಖವಾಗಿದ್ದರೆ ಮಿದುಳಿನಿಂದ ಬರುವ ನರದ ತೊಂದರೆ. ಇಲ್ಲಿ ಎರಡೂ ಇರಲಿಲ್ಲ. ಆದರೆ ಬಲ ರೆಪ್ಪೆಯ ಅಂಚು ಪಾಪೆಯ ಮೇಲರ್ಧವನ್ನು ಮುಚ್ಚಿತ್ತು.

ಪಾಪೆ ಎಂಬ ಮಾತೇ ಚಂದ. ಗೊಂಬೆಗೂ ಅದೇ ಹೆಸರು, ಕಣ್ಣಿನೊಳಗಿನ ಕರಿಬೊಟ್ಟಿಗೂ ಅದೇ ಹೆಸರು. ಹತ್ತಿರದಿಂದ ಇಣುಕಿದವರಿಗೆ ಅಲ್ಲಿ ಗೊಂಬೆಯಷ್ಟು ಪುಟ್ಟ ತಮ್ಮ ಮುಖ ಕಾಣುತ್ತದೆ. ಲ್ಯಾಟಿನ್ ಭಾಷೆಯವರಿಗೂ ಹಾಗೇ ಕಂಡು, ಪುಟ್ಟ ಗೊಂಬೆ ಎಂಬರ್ಥದ ಹೆಸರನ್ನೇ ಇಟ್ಟರು. ಮಿಕ್ಕೆಲ್ಲ ಬಿಟ್ಟು, ಆ ಗೊಂಬೆ ಪೂರ್ತಿ ಕಾಣುತ್ತದೆಯೋ ಇಲ್ಲವೋ ಎಂಬುದೇ ಜೋತ ರೆಪ್ಪೆಯ ಕೂಸಿನಲ್ಲಿ ಮೊದಲ ಪ್ರಶ್ನೆ.

ವೈದ್ಯೆ ಅಂಗೈಯಿಂದ ಕೂಸಿನ ಬಲಗಣ್ಣನ್ನು ಮರೆಮಾಡಿದರು. ಕೂಸು ಬೀಗದ ಕೈಯನ್ನು ನೋಡುತ್ತಲೇ ಇತ್ತು. ಕೈ ತೆಗೆದು ಎಡಗಣ್ಣನ್ನು ಮರೆಮಾಡಿದರು. ಕೂಸು ಮುಖ ಸಿಂಡರಿಸಿ, ತಲೆ ಕೊಡವಿ, ಕೈಯನ್ನು ತಪ್ಪಿಸಿಕೊಳ್ಳಲು ನೋಡಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಮಾಡಿದರು. ಬಲಗಣ್ಣು ಮುಚ್ಚಿದಾಗ ಸುಮ್ಮನೆ, ಎಡಗಣ್ಣು ಮುಚ್ಚಿದಾಗ ಅಳು.

ಅಜ್ಜಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. “ಚೊಲೋ ಕಣ್ಣು ಮುಚ್ಚಿದ್ರ ಸಿಟ್ಟು ಬರತೈತಿ. ಹಂಗಾದ್ರ ಇನ್ನೊಂದರಾಗ…”

“ಅಷ್ಟು ಚೊಲೋ ಕಾಣವಲ್ದು ಅಂತ ಗುಮಾನಿ. ಚಹಾದಂಗಡ್ಯಾಗ ಮಾಡಿದ್ದು ಪರೀಕ್ಷೆ ಅಲ್ಲ, ಸುಳಿವು ಅಷ್ಟ. ಆದ್ರ ಈ ಸುಳಿವು ಬಿಡೋ ಹಂಗಿಲ್ಲ.”

“ದೊಡ್ಡಾಂವ ಆದ ಮ್ಯಾಲೆ ಆಪರೇಷನ್ ಮಾಡಿಸಿದ್ರಾತು ಅಂತ ಎಲ್ಲಾರೂ ಅಂದ್ರಲ್ರಿ!”

ಮಾತು ಬಂದು ನಿಲ್ಲಬೇಕಾದ ಜಾಗ ಇದೇ. ವೈದ್ಯೆ ಬೆಂಚಿನ ತುದಿಗೆ ಸರಿದು ಕೂತರು. ನಾಡಿನ ಎಷ್ಟೋ ಮನೆಗಳಲ್ಲಿ ಅಕ್ಕರೆಯಿಂದಲೇ ಹೇಳುವ ಈ ಒಂದು ಸಾಲು ಎಷ್ಟು ಕಣ್ಣುಗಳ ಬೆಳಕನ್ನು ತಿಂದಿದೆಯೋ ಎಂಬ ಸಂಕಟ ಅವರ ದನಿಯಲ್ಲಿತ್ತು. “ಆಪರೇಷನ್ ಕಾಯಬಹುದು ಅಜ್ಜಿ. ತಪಾಸಣೆ ಕಾಯಂಗಿಲ್ಲ. ಇವೆರಡೂ ಬ್ಯಾರೆ ಬ್ಯಾರೆ.”

“ಕಣ್ಣು ಒಳಗ ಸರಿ ಐತೋ ಇಲ್ಲೋ?”

“ಕಣ್ಣು ಸರಿನೇ ಇರಬಹುದು. ಆದ್ರ ನೋಡೋದು ಕಣ್ಣಲ್ಲ, ಮಿದುಳು. ಹುಟ್ಟಿದ ಕೂಸಿನ ಮಿದುಳಿಗೆ ನೋಡಾಕ ಬರಂಗಿಲ್ಲ, ಕಲೀಬೇಕು. ಎರಡೂ ಕಣ್ಣಿಂದ ಚಿತ್ರ ಬಂದ್ರ ಎರಡೂ ಕಣ್ಣಿಂದ ಕಲೀತದ. ಒಂದು ಕಣ್ಣಿಂದ ಮಬ್ಬು ಚಿತ್ರ ಬಂದ್ರ ಅದನ್ನ ಕೈಬಿಟ್ಟು, ಚೊಲೋ ಕಣ್ಣನ್ನ ನಂಬತದ. ಅದಕ್ಕ ಸೋಮಾರಿ ಕಣ್ಣು ಅಂತಾರ. ಕಲಿಯೋ ವಯಸ್ಸು ಮುಗಿದ ಮ್ಯಾಲೆ ರೆಪ್ಪೆ ಎಷ್ಟು ಎತ್ತಿದ್ರೂ ಆ ಕಣ್ಣಿಗೆ ಪೂರಾ ನೋಟ ಬರೋದು ಕಷ್ಟ.”

ಇದು ಬರೀ ಊಹೆಯಲ್ಲ ಎಂಬುದಕ್ಕೆ ಬೆಕ್ಕಿನ ಮರಿಗಳೇ ಸಾಕ್ಷಿ. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಕಣ್ಣು ಬಿಡುವ ಮುಂಚೆಯೇ ಮರಿಗಳ ಒಂದು ರೆಪ್ಪೆಯನ್ನು ಹೊಲಿದು, ಸುಮಾರು ಮೂರು ತಿಂಗಳ ಬಳಿಕ ಬಿಚ್ಚಿದರು. ಆ ಕಣ್ಣಿನಿಂದ ಮರಿಗಳಿಗೆ ನೋಡಲಾಗಲಿಲ್ಲ. ಕಣ್ಣು ಗಟ್ಟಿಯಾಗಿಯೇ ಇತ್ತು. ಮಿದುಳಿನಲ್ಲಿ ಆ ಕಣ್ಣಿಗೆ ಸಲ್ಲಬೇಕಾದ ಜಾಗವನ್ನೆಲ್ಲ ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕಿನ ರೆಪ್ಪೆಯನ್ನು ಅಷ್ಟೇ ಕಾಲ ಮುಚ್ಚಿ ತೆರೆದರೆ ಏನೂ ಆಗಲಿಲ್ಲ. 1963ರಲ್ಲಿ ಪ್ರಕಟವಾದ ಈ ಕೆಲಸಕ್ಕೂ ಅದರ ಮುಂದುವರಿಕೆಗೂ ಅವರಿಬ್ಬರಿಗೆ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಇದನ್ನು ವೈದ್ಯೆ ಹೇಳುತ್ತಿದ್ದಂತೆ ಅಜ್ಜಿ ಗೋಣಿಚೀಲದ ಕಡೆ ನೋಡಿ, “ಪಾಪ, ಅವೂ ಕೂಸ ಅಲ್ರಿ,” ಎಂದರು. ವೈದ್ಯೆ ಹೌದೆಂದರು.

“ಮನುಷ್ಯಾರ ಕೂಸಿಗೆ ಏಳೆಂಟು ವರ್ಷದ ತನಕ ಕಲಿಯೋ ಕಿಟಕಿ ತೆರೆದಿರ್ತದ,” ಎಂದು ಅವರು ಮುಂದುವರಿಸಿದರು. “ಆದ್ರ ಮೊದಲಿನ ತಿಂಗಳುಗಳಾಗ ಅಗಲ, ಬರಬರತಾ ಕಿರಿದು. ಇನ್ನೊಂದು ಮಾತು. ರೆಪ್ಪೆ ಪಾಪೆ ಮುಚ್ಚಿದಾಗ ಮಾತ್ರ ಅಪಾಯ ಅಂತಲ್ಲ. ಜೋತ ರೆಪ್ಪೆ ಇರೋ ಕಣ್ಣಿಗೆ ನಂಬರು ಹೆಚ್ಚುಕಡಿಮಿ ಇರಬಹುದು. ಮೆಳ್ಳಗಣ್ಣೂ ಜೊತಿಗೆ ಬರಬಹುದು. ನಿಮ್ಮ ಕೂಸಿನಂಥಾ ಬಾಯಿ ಜೊತಿ ಕುಣಿಯೋ ರೆಪ್ಪೆಗೆ ಇವು ಇನ್ನೂ ಹೆಚ್ಚು. ನಂಬರಂತೂ ಹೊರಗಿಂದ ನೋಡಿದ್ರ ಕಾಣಂಗಿಲ್ಲ.”

“ಇಷ್ಟು ಸಣ್ಣ ಕೂಸಿನ ನಂಬರ ಹೆಂಗ ತೆಗೀತಾರ್ರಿ? ಅಕ್ಷರಾ ಓದಂಗಿಲ್ಲ, ಮಾತಾಡಂಗಿಲ್ಲ.”

“ಹನಿ ಹಾಕಿ ಪಾಪೆ ಅಗಲ ಮಾಡ್ತಾರ. ಕೈಯಾಗಿನ ಸಣ್ಣ ದೀಪದಿಂದ ಬೆಳಕಿನ ಗೆರೆ ಬಿಟ್ಟು, ಒಳಗಿಂದ ಹೊಳ್ಳಿ ಬರೋ ಬೆಳಕು ಹೆಂಗ ಸರೀತದ ಅಂತ ನೋಡಿ ಲೆಕ್ಕ ಹಾಕ್ತಾರ. ಬೇಕಾದ್ರ ಇದ ವಯಸ್ಸಿಗೆ ಚಸ್ಮಾನೂ ಹಾಕ್ತಾರ. ತಲಿಗೆ ಪಟ್ಟಿ ಕಟ್ಟೋ ಅಂಥದ್ದು. ಚೊಲೋ ಕಣ್ಣಿಗೆ ದಿನಾ ಇಷ್ಟು ಹೊತ್ತು ಪಟ್ಟಿ ಹಚ್ರಿ ಅಂತ ಹೇಳಬಹುದು. ಆವಾಗ ಕೂಸು ಅಳ್ತದ. ನಿಮಗ ಕರುಳು ಚುರ್ ಅಂತದ. ಅಳ್ತದ ಅಂತ ಪಟ್ಟಿ ತಗೀಬ್ಯಾಡ್ರಿ. ಅವರು ಹೇಳಿದಷ್ಟ ಹೊತ್ತು, ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ.”

“ಮತ್ತ ಆಪರೇಷನ್?”

ಅಷ್ಟರಲ್ಲಿ ಅಂಗಡಿಯವನು ಒಂದು ಗಳ ತಂದು ತಲೆಯ ಮೇಲಿನ ತಾಡಪತ್ರಿಯನ್ನು ಎತ್ತಿ ತಿವಿದ. ತುಂಬಿ ಜೋತಿದ್ದ ನೀರು ದಬದಬ ಸುರಿಯಿತು. ತಾಡಪತ್ರಿ ಒಂದು ಗಳಿಗೆ ನೆಟ್ಟಗಾಗಿ, ಮಳೆಗೆ ಮತ್ತೆ ಜೋಲತೊಡಗಿತು. ವೈದ್ಯೆ ಅದನ್ನೇ ತೋರಿಸಿದರು.

“ರೆಪ್ಪೆ ಎತ್ತೋ ಸ್ನಾಯು ಅಂದ್ರ ಈ ತಾಡಪತ್ರಿ ಬಿಗಿಯೋ ಹಗ್ಗ ಇದ್ದಂಗ. ಹುಟ್ಟತನ ರೆಪ್ಪೆ ಜೋತ ಮಕ್ಕಳಾಗ ಬಹಳಷ್ಟು ಮಂದಿಗೆ ಆ ಹಗ್ಗನೇ ಸರಿ ಹೊಸೆದಿರಂಗಿಲ್ಲ. ಸ್ನಾಯು ಇರೋ ಜಾಗದಾಗ ನಾರು, ಕೊಬ್ಬು ಬೆಳೆದಿರ್ತದ. ಸ್ವಲ್ಪ ಜೀವ ಇದ್ರ ಅದ ಹಗ್ಗ ಗಿಡ್ಡ ಮಾಡಿ ಬಿಗೀತಾರ. ಜೀವ ಇಲ್ಲಂದ್ರ ಹೊಸ ಹಗ್ಗ ಹಾಕಿ ಮ್ಯಾಲಿನ ತೊಲಿಗೆ ಕಟ್ತಾರ. ಆ ತೊಲಿ ಅಂದ್ರ ಹಣಿ. ಆಮ್ಯಾಲೆ ಹುಡುಗ ಹುಬ್ಬು ಏರ್ಸಿದ್ರ ರೆಪ್ಪೆ ಏಳ್ತದ.”

ಆ ಹೊಸ ಹಗ್ಗ ಯಾವುದು ಎಂಬುದೂ ವಯಸ್ಸಿನ ಮೇಲೆ ನಿಂತಿದೆ. ತೊಡೆಯ ಹೊರಬದಿಯಲ್ಲಿ ಸ್ನಾಯುಗಳನ್ನು ಸುತ್ತಿದ ಗಟ್ಟಿ ಪದರವಿದೆ. ಅದರಿಂದ ತೆಳ್ಳನೆಯ ಪಟ್ಟಿ ತೆಗೆದು ರೆಪ್ಪೆಗೂ ಹುಬ್ಬಿಗೂ ನಡುವೆ ಹಾಯಿಸುವ ಕ್ರಮವನ್ನು ಕೆನಡಾದ ಜಾನ್ ಕ್ರಾಫರ್ಡ್ 1956ರಲ್ಲಿ ವಿವರಿಸಿದರು. ಅದು ಕೂಸಿನದೇ ಅಂಗಾಂಶವಾದ್ದರಿಂದ ಗಟ್ಟಿಯಾಗಿ ಉಳಿಯುತ್ತದೆ. ಆದರೆ ಪಟ್ಟಿ ತೆಗೆಯುವಷ್ಟು ತೊಡೆ ಬೆಳೆಯಲು ಮೂರ್ನಾಲ್ಕು ವರ್ಷ ಬೇಕು. ಪಾಪೆ ಪೂರ್ತಿ ಮುಚ್ಚಿ ಅಷ್ಟು ಕಾಲ ಕಾಯಲಾಗದ ಮಕ್ಕಳಿಗೆ ಸಿಲಿಕೋನಿನ ಸಣ್ಣ ಎಳೆಯನ್ನು ಹಾಕುತ್ತಾರೆ. ಅದು ಮುಂದೆ ಸಡಿಲವಾದರೆ ಬಿಗಿಯಬಹುದು, ಬೇಡವಾದರೆ ತೆಗೆಯಬಹುದು. ನೋಟಕ್ಕೆ ಅಡ್ಡಿಯಿಲ್ಲದಿದ್ದರೆ ಮೂರರಿಂದ ಐದರ ವಯಸ್ಸಿನವರೆಗೆ ಕಾಯುವುದೇ ವಾಸಿ. ಅಷ್ಟೊತ್ತಿಗೆ ಮಗು ಅಳತೆಗೆ ಸಹಕರಿಸುತ್ತದೆ.

ಎಲ್ಲಕ್ಕೂ ಒಂದು ಬೆಲೆಯುಂಟು. ಎತ್ತಿ ಕಟ್ಟಿದ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ. ಕಣ್ಣು ಮುಚ್ಚಿದಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳಿ ರಕ್ಷಣೆ ಪಡೆಯುತ್ತದೆಯೇ ಎಂದು ವೈದ್ಯರು ಮೊದಲೇ ನೋಡಿಕೊಳ್ಳುವುದು ಅದಕ್ಕಾಗಿ. ಮುಲಾಮು ಹಚ್ಚಿ ಮಲಗಿಸುವ ಕೆಲಸ ತಿಂಗಳುಗಟ್ಟಲೆ ತಾಯಿಯದು.

“ಬಾಯಿ ಆಡಿಸಿದ್ರ ರೆಪ್ಪಿ ಕುಣಿಯೋದು ಆಪರೇಷನ್ನಿಗೆ ಹೋಗತೈತೇನ್ರಿ?”

“ಸಣ್ಣದಿದ್ರ ಯಾರೂ ಮುಟ್ಟಂಗಿಲ್ಲ. ಬೆಳೆದಂಗ ಮಕ್ಕಳು ಬಾಯಿ ಹೆಂಗ ಆಡಿಸಬೇಕು ಅಂತ ತಾವ ಕಲಿತಾರ, ಎದ್ದು ಕಾಣೋದು ಕಡಿಮಿ ಆಗ್ತದ. ಬಹಳ ಇದ್ರ ದಾರಿ ತಪ್ಪಿದ ನರ ಬಂದು ಕೂಡಿದ ಆ ಸ್ನಾಯುನೇ ಬಿಡಿಸಿ, ರೆಪ್ಪೆನ ಹಣಿಗೆ ಕಟ್ತಾರ. ಅದು ದೊಡ್ಡ ಕೆಲಸ, ಪಳಗಿದ ಕೈ ಬೇಕು. ಈಗ ಅದರ ಚಿಂತಿ ಬ್ಯಾಡ.”

ಮಳೆ ತುಸು ತಗ್ಗಿತು. ಮುಂದೆ ಗರಗಸದ ಸದ್ದು ಕೇಳತೊಡಗಿತು. ಅಜ್ಜಿ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತ, ತಮ್ಮ ಓಣಿಯ ಇನ್ನೊಂದು ಕೂಸಿನ ಮಾತು ತೆಗೆದರು. ಹುಟ್ಟಿದಾಗ ಏನೂ ಇರಲಿಲ್ಲವಂತೆ. ತಿಂಗಳು ತುಂಬುವುದರೊಳಗೆ ಮೇಲಿನ ರೆಪ್ಪೆಯ ಮೇಲೆ ಅತ್ತಿಹಣ್ಣಿನಂಥ ಕೆಂಪು ಗಂಟು ಎದ್ದು ಕಣ್ಣು ಮುಚ್ಚುತ್ತ ಬಂದಿತಂತೆ. ವೈದ್ಯೆ ಅದಕ್ಕೂ ಒಂದು ಕತೆ ಹೇಳಿದರು.

ರಕ್ತನಾಳಗಳು ಹೆಣೆದುಕೊಂಡು ಬೆಳೆಯುವ ಈ ಗಂಟು ಮೊದಲ ತಿಂಗಳುಗಳಲ್ಲಿ ಉಬ್ಬಿ, ವರ್ಷದ ಮೇಲೆ ನಿಧಾನಕ್ಕೆ ಕುಗ್ಗುತ್ತದೆ. ಕುಗ್ಗಲಿ ಎಂದು ಕಾದರೆ ಅಷ್ಟರಲ್ಲಿ ಅದರ ಭಾರಕ್ಕೆ ಕಣ್ಣಿನ ಆಕಾರ ಕೆಟ್ಟು ನೋಟ ಹೋಗಬಹುದು. ಹಿಂದೆ ಸ್ಟೀರಾಯ್ಡ್ ಕೊಡುತ್ತಿದ್ದರು. ಫ್ರಾನ್ಸಿನ ಬೋರ್ಡೋದಲ್ಲಿ ಅಂಥ ಗಂಟಿಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ಮಗುವಿಗೆ ಹೃದಯದ ತೊಂದರೆಯಾಗಿ ಪ್ರೊಪ್ರನೊಲಾಲ್ ಎಂಬ ಹಳೆಯ ಹೃದಯದ ಔಷಧ ಕೊಟ್ಟರು. ಮರುದಿನವೇ ಗಂಟಿನ ಬಣ್ಣ ಬದಲಾಗಿ ಮೆತ್ತಗಾಗಿತ್ತು. ಕ್ರಿಸ್ಟೀನ್ ಲೆಯೊಟೆ-ಲಾಬ್ರೆಝ್ ಮತ್ತು ಸಂಗಡಿಗರು 2008ರಲ್ಲಿ ಅದನ್ನು ಪ್ರಕಟಿಸಿದರು. ಈಗ ಜಗತ್ತಿನೆಲ್ಲೆಡೆ ಅದೇ ಮೊದಲ ಮದ್ದು. ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕಾದ್ದು.

“ಹುಟ್ಟಿದ ದಿನನೇ ಓಡಬೇಕಾದ್ದು ಯಾವುದ್ರಿ?” ಅಜ್ಜಿಯ ಪ್ರಶ್ನೆಗಳು ಈಗ ತಮ್ಮ ಮೊಮ್ಮಗನನ್ನು ದಾಟಿ ಓಣಿಯ ಎಲ್ಲ ಬಸುರಿಯರ ಕಡೆಗೆ ತಿರುಗಿದ್ದವು.

“ರೆಪ್ಪೆದಾಗ ತುಂಡು ಇಲ್ಲದ್ದು. ಕರಿಗುಡ್ಡಿ ಗಾಳಿಗೆ ತೆರೆದು ಬಿದ್ದಿರ್ತದ. ಅವತ್ತಿಂದನ ಮುಲಾಮು, ಹನಿ ಬಿಡದಂಗ ಹಾಕಿ ಹಸಿ ಇಡಬೇಕು. ಸಣ್ಣ ಕಚ್ಚು ಇದ್ರ ಅಂಚಿಗೆ ಅಂಚು ಕೂಡಿಸಿ ಹೊಲೀತಾರ. ದೊಡ್ಡದಿದ್ರ ಬಾಜೂ ಚರ್ಮ ಎಳೆದು ಕಟ್ತಾರ. ದೊಡ್ಡವರಿಗೆ ಮಾಡಿದಂಗ ಕೆಳಗಿನ ರೆಪ್ಪೆ ಮ್ಯಾಲಿನದಕ್ಕ ಹೊಲಿದು ವಾರಗಟ್ಟಲೆ ಕಣ್ಣು ಮುಚ್ಚಿ ಇಡೋದನ್ನ ಕೂಸಿಗೆ ಆದಷ್ಟು ಮಾಡಂಗಿಲ್ಲ. ಯಾಕ ಅಂತ ನಿಮಗ ಗೊತ್ತದ ಈಗ.”

“ಮಿದುಳು ಆ ಕಣ್ಣು ಮರೀತೈತಿ.”

“ಹ್ಞಾಂ. ಹುಟ್ಟಿದಾಗ ರೆಪ್ಪೆ ಪೂರಾ ಹೊರಗ ಮಡಚಿ ಕೆಂಪಗೆ ಮಾಂಸ ಕಂಡ್ರ ಮಂದಿ ಗಾಬರಿ ಬೀಳ್ತಾರ. ಅದೂ ಅವತ್ತ ತೋರಿಸಬೇಕು. ಆದ್ರ ಅದು ಬಹಳ ಮಾಡಿ ಹಸಿ ಬಟ್ಟಿ, ಮುಲಾಮಿನಾಗ ದಿನಗಳೊಳಗ ಒಳಗ ಹೋಗ್ತದ. ಇನ್ನ ಕೆಳಗಿನ ರೆಪ್ಪೆದ ಕೂದಲು ಕಣ್ಣಿಗೆ ತಾಗೋ ಮಕ್ಕಳು ಬಹಳ. ಬಹಳ ಮಾಡಿ ಬೆಳೆದಂಗ ಸರಿ ಆಗ್ತದ.”

ಎಳೆಗೂಸಿನ ಕಣ್ಣನ್ನು ಬೇಗ ನೋಡುವ ಏರ್ಪಾಡು ನಾಡಿಗೆ ಹೊಸದೇನಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಪದರವನ್ನು ಕ್ಯಾಮೆರಾದಲ್ಲಿ ತೆಗೆದು ದೂರದ ತಜ್ಞರಿಗೆ ಕಳಿಸುವ ಕಿಡ್‌ರಾಪ್ ಕೆಲಸವನ್ನು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿ, ಕರ್ನಾಟಕದ ಜಿಲ್ಲೆಜಿಲ್ಲೆಗೆ ಮುಟ್ಟಿಸಿತು. ಅಲ್ಲಿ ನೋಡಬೇಕಾದ್ದು ಬರಿಗಣ್ಣಿಗೆ ಕಾಣದ್ದು, ಯಂತ್ರ ಬೇಕು. ರೆಪ್ಪೆಗೆ ಯಾವ ಯಂತ್ರವೂ ಬೇಡ. ಹೆರಿಗೆಯಾದ ಆಸ್ಪತ್ರೆಯಲ್ಲಿ, ಮೊದಲ 42 ದಿನಗಳಲ್ಲಿ ಆರು ಸಲ ಮನೆಗೆ ಬರಬೇಕಾದ ಆಶಾ ಕಾರ್ಯಕರ್ತೆಯ ಕೈಯಲ್ಲಿ, ಸೂಜಿ ಹಾಕಿಸುವ ದಿನ ಯಾರಾದರೊಬ್ಬರು ಕೂಸಿನ ಎರಡೂ ಕಣ್ಣನ್ನು ಒಟ್ಟಿಗೆ ನೋಡಿ, ಮನೆಯ ಹೆಂಗಸರು ಹೇಳಿದ್ದನ್ನು ಬರೆದುಕೊಂಡರೆ ಸಾಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗೆ ಮಕ್ಕಳನ್ನು ತಪಾಸಿಸಿ, ಮುಂದಿನ ಚಿಕಿತ್ಸೆಗೆ ಸರ್ಕಾರಿ ದಾರಿ ಮಾಡಿಕೊಡುವ ಯೋಜನೆ. ಗೋವೆಗೂ ಅದು ಅನ್ವಯ, ಕರ್ನಾಟಕಕ್ಕೂ.

ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಬಾಣಂತಿ ಆಗ ಹತ್ತಿರ ಬಂದಳು. “ಅಕ್ಕಾರ, ಒಂದು ಕೇಳ್ಲೇನ್ರಿ? ನನ್ನ ಹಾಲಿನ್ಯಾಗ ದೋಷ ಐತಿ, ಅದಕ್ಕ ಕೂಸು ಕುಡಿಯೋ ಮುಂದ ಹಂಗ ಮಾಡತೈತಿ ಅಂದ್ರು. ಹತ್ತು ದಿನ ಆತ್ರಿ, ಬಾಟಲಿ ಹಾಲು ಹಾಕಾಕ ಹತ್ತೇನಿ.”

ವೈದ್ಯೆ ಒಂದು ಗಳಿಗೆ ಸುಮ್ಮನಾದರು. “ಬಾಟಲಿ ಚೀಪೋ ಮುಂದ ರೆಪ್ಪೆ ಕುಣಿಯೋದು ನಿಂತದೇನವಾ?”

“ಇಲ್ರಿ.”

“ಹಂಗಾದ್ರ ಹಾಲಿಂದೇನು ತಪ್ಪು?”

ಹಾಲನ್ನು ದೂರುವ ಮಾತು ಹಳೆಯದು. ಸುಶ್ರುತ ಸಂಹಿತೆ ಕಣ್ಣಿನ ರೋಗಗಳನ್ನು 76 ಎಂದು ಎಣಿಸಿ ಅದರಲ್ಲಿ 21ನ್ನು ರೆಪ್ಪೆಯ ಲೆಕ್ಕಕ್ಕೆ ಹಾಕುತ್ತದೆ. ಅಷ್ಟು ಹಿಂದೆ ಅಷ್ಟು ಸೂಕ್ಷ್ಮವಾಗಿ ರೆಪ್ಪೆಯನ್ನು ನೋಡಿದ ಗ್ರಂಥ ಅದು. ಅದೇ ಗ್ರಂಥ ಎಳೆಮಕ್ಕಳ ರೆಪ್ಪೆಗೆ ಬರುವ ಕುಕೂಣಕವೆಂಬ ರೋಗಕ್ಕೆ ತಾಯಿಯ ಹಾಲಿನ ದೋಷವನ್ನು ಕಾರಣವಾಗಿಸುತ್ತದೆ. ಆ ಬಗೆಯ ನಂಬಿಕೆ ಬಾಣಂತಿಯರ ಬೆನ್ನು ಬಿಟ್ಟಿಲ್ಲ. ಗ್ರಹಣದಲ್ಲಿ ಹೊರಗೆ ಹೋದದ್ದು ಇವಳೇ, ಹಾಲು ಕೆಟ್ಟದ್ದು ಇವಳದೇ. ಹತ್ತು ದಿನಗಳಿಂದ ಆ ಹುಡುಗಿ ತನ್ನ ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು.

“ಈಗ ಕುಡಸವಾ,” ಎಂದರು ವೈದ್ಯೆ. “ನನಗೂ ನೋಡಬೇಕಾಗೇದ.”

ಅಂಗಡಿಯ ಒಳಕೋಣೆಯಲ್ಲಿ, ಅಜ್ಜಿ ಸೆರಗನ್ನು ಮರೆ ಹಿಡಿದಿದ್ದಂತೆ, ಕೂಸು ತಡಕಾಡಿ ಮೊಲೆಗೆ ಬಾಯಿ ಹಚ್ಚಿತು. ಎರಡು ಗುಟುಕು. ಬಲ ರೆಪ್ಪೆ ಸರ್ರನೆ ಮೇಲೇರಿತು. ಪಾಪೆ ಪೂರ್ತಿ ಕಂಡಿತು, ಅದರ ಮೇಲಿನ ಬಿಳಿಯೂ ಒಂದೆಳೆ ಕಂಡಿತು. ಇಳಿಯಿತು. ಮತ್ತೆ ಏರಿತು. ವೈದ್ಯೆ ಬಗ್ಗಿ ನಿಂತು ಎಣಿಸುವವರಂತೆ ನೋಡಿದರು. ಮೂವರಲ್ಲಿ ಯಾರೂ ಮಾತಾಡಲಿಲ್ಲ. ಬಾಣಂತಿಯ ಕಣ್ಣಿಂದ ನೀರು ಕೂಸಿನ ಹಣೆಯ ಮೇಲೆ ಬಿತ್ತು, ಅವಳು ಸೆರಗಿನಿಂದ ಒರೆಸಿದಳು.

ಹೊರಗೆ ಬಂದು ವೈದ್ಯೆ ತಾಯಿ ಕಾರ್ಡ್ ಕೇಳಿ, ಹುಟ್ಟಿದ ದಿನ, ತೂಕ ನೋಡಿಕೊಂಡು ಒಂದು ಚೀಟಿ ಬರೆದರು. ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೋಗಿ ಎಂದರು. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಪಣಜಿಯಲ್ಲಿ ಶುರುವಾದ ವೈದ್ಯಶಾಲೆಯ ಇಂದಿನ ರೂಪ ಅದು. ವಾಸ್ಕೋದಿಂದ ಹೋಗಿ ಅದೇ ದಿನ ಮರಳಬಹುದು. ಮುಂದೆ ತವರಿಗೆ ಬಂದಾಗ ಹುಬ್ಬಳ್ಳಿಯಲ್ಲಿ, ಇಲ್ಲವೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ತೋರಿಸಬಹುದು, ಚೀಟಿ ಮಾತ್ರ ಕಳೆಯಬೇಡಿ ಎಂದರು.

“ನನಗ ಓದಾಕ ಬರಂಗಿಲ್ರಿ. ಏನು ಬರದೀರಿ, ಹೇಳ್ರಿ. ನಾನ ಅವರಿಗೆ ಬಾಯಿಲೆ ಹೇಳ್ತೇನಿ.”

“ಬಲ ರೆಪ್ಪೆ ಹುಟ್ಟತನ ಜೋತದ. ಪಾಪೆ ಅರ್ಧ ಮುಚ್ಚೇದ. ಹಾಲು ಕುಡಿಯೋ ಮುಂದ ಏಳ್ತದ. ಎಡಗಣ್ಣು ಮುಚ್ಚಿದ್ರ ಅಳ್ತದ. ಹನಿ ಹಾಕಿ ನಂಬರು ನೋಡ್ರಿ.”

ಅಜ್ಜಿ ಐದೂ ಮಾತನ್ನು ಬೆರಳು ಮಡಚುತ್ತ ಎರಡು ಸಲ ಒಪ್ಪಿಸಿದರು. ಮೂರನೆಯ ಸಲ ಒಂದೂ ತಪ್ಪಲಿಲ್ಲ. ಚೀಟಿ ಚಂಚಿಯೊಳಗೆ ಎಲೆಯಡಿಕೆಯ ಜೊತೆ ಸೇರಿತು. ಕಂಡಕ್ಟರು ಸೀಟಿ ಊದಿದ. ಲಾರಿಗಳ ಸಾಲು ಫೋಂಡಾ ಕಡೆಗೆ ಮೆಲ್ಲನೆ ಸರಿಯತೊಡಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಅಜ್ಜಿ ಅಳಿಯನಿಗೆ ಫೋನು ಹಚ್ಚಿದರು.

“ತಮ್ಮಾ, ನಾವು ಮೊಲೆಂ ಬಿಟ್ಟೇವಿ. ಕೇಳಿಲ್ಲೆ. ಸೋಮವಾರ ಕೆಲಸಕ್ಕ ಹೋಗಬ್ಯಾಡ, ರಜಾ ಹಾಕು. ಬಾಂಬೋಲಿಗೆ ಹೋಗೂದೈತಿ… ಗ್ರಹಣಾ ಅಲ್ಲಪಾ, ಅದರ ಮಾತು ಇನ್ನೊಮ್ಮೆ ಮನ್ಯಾಗ ಎತ್ತಬ್ಯಾಡ. ನರದ್ದು. ಬಂದು ಹೇಳ್ತೇನಿ.”